ನಕ್ಕರೆ ಕೆಂಪು

ಮನುಷ್ಯನ ಸಂಕಟವನ್ನು ಅಳೆಯುವ ಯಂತ್ರವೊಂದು ಬಂದುಬಿಟ್ಟರೆ ಅರ್ಧ ಸಂಕಟ ಅಲ್ಲಿಗೇ ಕಡಿಮೆಯಾಗುತ್ತದೆ ಎಂದು ನಂಬಿದವರಲ್ಲಿ ನಾನೂ ಒಬ್ಬಳಾಗಿದ್ದೆ. ಈಗ ಯಾರಾದರೂ ನನ್ನೆದುರು ಹಾಗೆಂದರೆ ಮೈಯೆಲ್ಲ ಉರಿಯುತ್ತದೆ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದು ಪಾಪ, ಹೇಳಿದಷ್ಟು ಮಾಡುತ್ತದೆ.

ನನ್ನ ಹೆಸರು ದಾನಮ್ಮ ಹೊಸೂರ. ಧಾರವಾಡ ದಾಟಿ ಬೆಳಗಾವಿ ರಸ್ತೆಗೆ ಹೊರಳಿದರೆ ಗುಡ್ಡದ ಮೇಲೆ ಕಾಣುವ ಮಲಪ್ರಭಾ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಕೆಂಗಣ್ಣು ಜ್ವರ ಬಂದ ವರ್ಷ ನಮ್ಮ ಹಾಸ್ಟೆಲುಗಳಿಗೆ ಹೊರಗಿನಿಂದ ಬೀಗ ಬಿತ್ತು. ಹುಡುಗರು ಹುಡುಗಿಯರು ಸೇರಿ ಸಾವಿರಕ್ಕೂ ಮೇಲೆ ಮಂದಿ ಒಳಗೆ ಉಳಿದೆವು. ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಊಟದ ತಟ್ಟೆ ಬಾಗಿಲ ಬಳಿ ಬಂದು ಕೂರುತ್ತಿತ್ತು. ಹೊಸ್ತಿಲು ದಾಟಿದವರಿಗೆ ದಂಡ. ನಮ್ಮ ಪ್ರೊಫೆಸರುಗಳು ತಮ್ಮ ಓದಿನ ಕಾಲದಲ್ಲಿ ಕೊರೊನಾ ನೋಡಿದವರು. ಇದೆಲ್ಲ ನಮಗೇನು ಹೊಸದಲ್ಲ ಎಂದು ಅವರು ಪರದೆಯ ಮೇಲೆ ದಿನಾ ಹೇಳುತ್ತಿದ್ದರು, ನಮಗೆ ಹೊಸದಾಗಿತ್ತು ಎಂಬುದು ಅವರಿಗೆ ಹೊಳೆಯಲಿಲ್ಲ.

ಆ ಯಂತ್ರದ ಹೆಸರು 'ನೆಮ್ಮದಿ'. ಕೈಗಡಿಯಾರದ ಪಟ್ಟಿಯಂಥದ್ದು. ಚರ್ಮದ ಬೆವರಿನಲ್ಲಿ ದುಗುಡದ ರಸ ಎಷ್ಟಿದೆ, ನಿದ್ದೆ ಎಷ್ಟು, ಎದೆಬಡಿತ ಹೇಗಿದೆ, ಮಾತಿನ ದನಿ ಏರುತ್ತದೋ ಇಳಿಯುತ್ತದೋ ಎಂದು ನೋಡಿ ಎಲ್ಲವನ್ನೂ ಕೂಡಿಸಿ ಒಂದು ಅಂಕಿ ಕೊಡುತ್ತಿತ್ತು. ಪ್ರತಿಯೊಬ್ಬರ ಸ್ವಭಾವ ಬೇರೆಯಾದ್ದರಿಂದ ಮೊದಲ ಕೆಲವು ದಿನ ಪಟ್ಟಿ ಸುಮ್ಮನೆ ಕೈಯಲ್ಲಿದ್ದು, ಈ ಮನುಷ್ಯ ಮಾಮೂಲಾಗಿ ಹೇಗಿರುತ್ತಾನೆ ಎಂದು ಕಲಿಯುತ್ತಿತ್ತು. ಅದು ಆತನ ತಳಮಟ್ಟ. ಆಮೇಲೆ ಆ ಮಟ್ಟದಿಂದ ಬಹಳ ದೂರ ಸರಿದರೆ ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಆತನ ಹಸಿರು ಚುಕ್ಕೆ ಕೆಂಪಾಗುತ್ತಿತ್ತು. ಕಾಗದದ ಮೇಲೆ ಯಾರೂ ತಪ್ಪು ಹುಡುಕಲಾಗದ ವಿಚಾರ.

ಈ ಪಟ್ಟಿಗಳು ನಮ್ಮಲ್ಲಿಗೆ ಬಂದಾಗ ಜ್ವರದ ಸುದ್ದಿಯೇ ಇರಲಿಲ್ಲ. ಹುಡುಗರು ಹಾಕಿ ಆಡುತ್ತಿದ್ದರು, ಕ್ಯಾಂಟೀನಿನಲ್ಲಿ ಮಿರ್ಚಿ ಭಜಿಗೆ ಸಾಲು ಇರುತ್ತಿತ್ತು. ಆಗಲೇ ಹಂಚಿದ್ದರೆ ಈ ಕತೆಯೇ ಇಲ್ಲ. ಆದರೆ ಹಂಚುವುದು ಹೇಗೆ? ಉದ್ಘಾಟನೆ ಆಗಬೇಕಲ್ಲ. ಮಂತ್ರಿಗಳು ಒಂದು ದಿನ ಕೊಟ್ಟರು, ಬರಲಿಲ್ಲ. ಇನ್ನೊಂದು ದಿನ ಕೊಟ್ಟರು, ಅವರ ಪಕ್ಷದಲ್ಲಿ ಏನೋ ಗದ್ದಲವಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎರಡು ಸಲ ಬಂದು ಎರಡು ಸಲ ವಾಪಸ್ಸು ಹೋದವು. ಪಟ್ಟಿಗಳ ಪೆಟ್ಟಿಗೆ ಆಡಳಿತ ಕಟ್ಟಡದಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಕೊನೆಗೆ ಜ್ವರ ಬಂದು ಊರೆಲ್ಲ ಮುಚ್ಚಿದ ಮೇಲೆ ಮಂತ್ರಿಗಳಿಗೆ ಪುರುಸೊತ್ತಾಯಿತು. ಮನೆಯಲ್ಲೇ ಕುಳಿತು ಪರದೆಯ ಮೇಲೆ ದೀಪ ಹಚ್ಚಿದರು. ಅವತ್ತೇ ನಮ್ಮೆಲ್ಲರ ಕೈಗೆ ಪಟ್ಟಿ ಬಂತು.

ಆ ವಾರ ಹೇಗಿತ್ತೆಂದು ಗುಡ್ಡದ ಮೇಲಿದ್ದ ಯಾರನ್ನಾದರೂ ಕೇಳಿ. ಗಣಿತ ವಿಭಾಗದ ಒಬ್ಬ ಹುಡುಗ ತೀರಿಕೊಂಡ. ಮಕ್ಕಳನ್ನು ಕರೆದೊಯ್ಯಲು ಬಂದ ಅಪ್ಪಂದಿರನ್ನು ಗೇಟಿನಲ್ಲೇ ತಡೆದು ಕಳಿಸಿದರು, ನಾವು ಕಿಟಕಿಯಿಂದ ನೋಡುತ್ತಿದ್ದೆವು. ನನ್ನ ಎಡಗಡೆಯ ಕೋಣೆಯ ಹುಡುಗಿ ಗೋಡೆಗೆ ತಲೆಯಿಟ್ಟು ಅಳುವುದು ನನಗೆ ಕೇಳಿಸುತ್ತಿತ್ತು, ನಾನು ಅಳುವುದು ಅವಳಿಗೆ ಕೇಳಿಸುತ್ತಿತ್ತೋ ಏನೋ. ಯಾರಿಗೂ ನಿದ್ದೆಯಿಲ್ಲ, ಅನ್ನ ಸೇರುತ್ತಿಲ್ಲ. ನಮ್ಮ ಕೈಯ ಮೇಲೆ ಪಟ್ಟಿಗಳು ಸದ್ದಿಲ್ಲದೆ ಕಲಿಯುತ್ತಿದ್ದವು. ಇವರು ಮಾಮೂಲಾಗಿ ಹೀಗಿರುತ್ತಾರೆ ಎಂದು.

ಸಂಖ್ಯಾಶಾಸ್ತ್ರದವಳೆಂದು ನನ್ನನ್ನು ಕಂಟ್ರೋಲ್ ರೂಮಿಗೆ ಹಾಕಿದರು. ಹಾಸ್ಟೆಲಿನಿಂದ ಅಲ್ಲಿಗೆ, ಅಲ್ಲಿಂದ ಹಾಸ್ಟೆಲಿಗೆ ಹೋಗಲು ನನಗೊಂದು ಪಾಸು. ದೊಡ್ಡ ಗೋಡೆಯ ತುಂಬ ಹಸಿರು ಚುಕ್ಕೆಗಳು, ಒಂದೊಂದೂ ಒಬ್ಬ ವಿದ್ಯಾರ್ಥಿ. ಮುಖ್ಯಸ್ಥರು ಮನಶ್ಶಾಸ್ತ್ರದ ಪ್ರೊಫೆಸರ್ ಹಾಲಭಾವಿ. ಅವರು ದಿನಾ ಬೆಳಿಗ್ಗೆ ಬಂದು ಗೋಡೆಯ ಮುಂದೆ ನಿಂತು, ಬೆಳೆದು ನಿಂತ ಗೋಧಿ ಹೊಲ ನೋಡುವವರ ಹಾಗೆ ನೋಡುತ್ತಿದ್ದರು. ಬೇರೆ ವಿಶ್ವವಿದ್ಯಾಲಯದವರು ಫೋನು ಮಾಡಿ ಅಭಿನಂದಿಸುತ್ತಿದ್ದರು. ಇಷ್ಟು ಮಂದಿಯಲ್ಲಿ ಒಬ್ಬರಿಗೂ ತೊಂದರೆಯಿಲ್ಲವಂತೆ! ನಾನು ಹಾಸ್ಟೆಲಿಗೆ ಹೋದರೆ ಅದೇ ಗೋಡೆಯಾಚೆಯ ಅಳು. ಮರುದಿನ ಬಂದು ನೋಡಿದರೆ ಆ ಹುಡುಗಿಯ ಚುಕ್ಕೆ ಹಸಿರು, ನನ್ನದೂ ಹಸಿರು. ನನಗೇ ತಲೆ ಕೆಟ್ಟಿದೆಯೇನೋ ಅಂದುಕೊಂಡೆ.

ಫರಜಾನಾ ನದಾಫ ನಾವಿದ್ದ ಮೇಲ್ಮಹಡಿಯ ಸಾಲಿನ ಕೊನೆಯ ಕೋಣೆಯವಳು. ನವಲಗುಂದದ ಹುಡುಗಿ, ಸಸ್ಯಶಾಸ್ತ್ರದ ಮೊದಲ ವರ್ಷ. ಮೊದಲೆಲ್ಲ ಅವಳೂ ನಮ್ಮಂತೆಯೇ ಬಾಗಿಲು ಹಾಕಿಕೊಂಡು ಇದ್ದಳು. ಒಂದು ಸಂಜೆ ಊಟದ ತಟ್ಟೆ ಬಂದಾಗ ಅದನ್ನು ಒಳಗೆ ಒಯ್ಯದೆ ಹೊಸ್ತಿಲ ಒಳಗಡೆಯೇ ಚಕ್ಕಳಮಕ್ಕಳ ಹಾಕಿ ಕೂತು, ಬಾಗಿಲು ತೆರೆದಿಟ್ಟುಕೊಂಡು ರೊಟ್ಟಿ ಮುರಿಯತೊಡಗಿದಳು. ಹೊಸ್ತಿಲು ದಾಟಬಾರದು ಎಂದಿದ್ದಾರೆ, ಹೊಸ್ತಿಲಲ್ಲಿ ಕೂರಬಾರದು ಎಂದು ಯಾರೂ ಹೇಳಿಲ್ಲ ಎಂಬುದು ಅವಳ ವಾದ. ಮಾರನೆಯ ಸಂಜೆ ಅವಳ ಎದುರಿನವಳು ಕೂತಳು. ವಾರದೊಳಗೆ ಇಡೀ ಸಾಲು ಬಾಗಿಲು ತೆರೆದು ಮದುವೆ ಪಂಕ್ತಿಯ ಹಾಗೆ ಕೂತು ಉಣ್ಣತೊಡಗಿತು. ನನಗೆ ಶೇಂಗಾ ಚಟ್ನಿಯ ರುಚಿ ಮತ್ತೆ ಗೊತ್ತಾದದ್ದು ಆಗ.

ಉಂಡ ಮೇಲೆ ಅವಳ 'ಕ್ಲಾಸು' ಶುರುವಾಗುತ್ತಿತ್ತು. ನಮ್ಮ ಪ್ರೊಫೆಸರುಗಳ ಆನ್‌ಲೈನ್ ಪಾಠವನ್ನು ಅವಳು ಆಡಿ ತೋರಿಸುತ್ತಿದ್ದಳು. ಅರ್ಧ ಗಂಟೆ ಬರೀ ಬಾಯಿ ಆಡಿಸಿ ಕೊನೆಗೆ 'ಕೇಳಸಾಕತ್ತೇತೇನು' ಎನ್ನುವವರು, ಕ್ಯಾಮರಾ ಬಂದ್ ಆಗಿದೆಯೆಂದು ತಿಳಿದು ಪಾಠದ ನಡುವೆ ಹೆಂಡತಿಯ ಹತ್ತಿರ ಬೈಸಿಕೊಳ್ಳುವವರು. ಹಾಲಭಾವಿಯವರನ್ನೂ ಬಿಡಲಿಲ್ಲ. ಅವರ ಹಾಗೆ ಕೈ ಹಿಂದೆ ಕಟ್ಟಿ, ಗಂಟಲು ಸರಿಮಾಡಿಕೊಂಡು, 'ಮಕ್ಕಳೇ, ಖುಷಿಯಾಗಿರೂದು ನಿಮ್ಮ ಕರ್ತವ್ಯ ಐತಿ' ಎಂದಾಗ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಎಡಗಡೆ ಕೋಣೆಯವಳ ಹೆಸರು ಪಾರ್ವತಿ ಎಂದು ಅವತ್ತು ಗೊತ್ತಾಯಿತು. ಅವಳ ನಗು ಎಷ್ಟು ದೊಡ್ಡದಿತ್ತೆಂದರೆ ಕೆಳಮಹಡಿಯವರು ಏನಾಯಿತೆಂದು ಕೂಗಿ ಕೇಳಿದರು.

ಕೆಲವೇ ದಿನಕ್ಕೆ ಗೋಡೆಯ ಮೇಲೆ ಮೊದಲ ಕೆಂಪು ಚುಕ್ಕೆ ಕಂಡಿತು. ಹಾಲಭಾವಿಯವರು ಎದ್ದೇ ನಿಂತರು. ಹೆಸರು ಒತ್ತಿ ನೋಡಿದರೆ ಫರಜಾನಾ. ನಾನು ಏನೋ ತಪ್ಪಾಗಿದೆ ಸರ್ ಎಂದೆ. ಆ ಹುಡುಗಿ ಚೆನ್ನಾಗಿದ್ದಾಳೆ, ನಿನ್ನೆ ಸಂಜೆ ನಾನೇ ಕಣ್ಣಾರೆ ನೋಡಿದ್ದೇನೆ ಎಂದೆ. ಹೊರಗೆ ನಗುವವರ ಒಳಗೇ ಬಹಳ ಇರುತ್ತದೆ ಎಂದು ಅವರು ಗಂಭೀರವಾಗಿ ಹೇಳಿದರು. ಇಂಥ ಮಾತಿಗೆ ಎದುರು ಉತ್ತರವೇ ಇರುವುದಿಲ್ಲ ನೋಡಿ. ಅತ್ತರೂ ಅದೇ, ನಕ್ಕರೂ ಅದೇ.

ನಿಯಮದ ಪ್ರಕಾರ ಕೆಂಪಾದವರನ್ನು ವಿಶ್ರಾಂತಿ ಕುಟೀರಕ್ಕೆ ಒಯ್ಯಬೇಕು. ಹೆಸರು ಚೆಂದ. ಅದು ನಮ್ಮ ಹಳೆಯ ಗೆಸ್ಟ್ ಹೌಸು, ಹಾಸ್ಟೆಲಿನಿಂದ ದೂರ, ಜಾಲಿಗಿಡಗಳ ನಡುವೆ. ಉದ್ವೇಗ ತಗ್ಗಲೆಂದು ಫೋನು ತೆಗೆದುಕೊಳ್ಳುತ್ತಾರೆ. ಜ್ವರದ ಭಯದಿಂದ ಯಾರೂ ಹತ್ತಿರ ಹೋಗುವುದಿಲ್ಲ. ಚುಕ್ಕೆ ಹಸಿರಿಗೆ ತಿರುಗಿ ಅಲ್ಲೇ ನಿಂತರೆ ಬಿಡುಗಡೆ. ಮೈಮೇಲೆಲ್ಲ ಪ್ಲಾಸ್ಟಿಕ್ ಅಂಗಿ ತೊಟ್ಟ ಇಬ್ಬರು ಬಂದು ಅವಳನ್ನು ಕರೆದೊಯ್ದರು. ಹೋಗುವಾಗಲೂ ಅವಳು ಪಂಕ್ತಿಯ ಕಡೆ ತಿರುಗಿ, ನಾಳಿನ ಕ್ಲಾಸು ರದ್ದು, ಹಾಜರಿ ಮಾತ್ರ ಕಡ್ಡಾಯ ಎಂದಳಂತೆ.

ನಾನು ಯಂತ್ರದ ಲೆಕ್ಕವನ್ನು ಬಿಚ್ಚಿ ನೋಡಲು ಕೂತೆ. ಬಹಳ ಹೊತ್ತು ಹಿಡಿಯಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಯಂತ್ರ ಇವತ್ತಿನ ಅಂಕಿಯಿಂದ ತಳಮಟ್ಟವನ್ನು ಕಳೆಯುತ್ತದೆ, ಬಂದ ವ್ಯತ್ಯಾಸವನ್ನು ವರ್ಗ ಮಾಡುತ್ತದೆ, ಅಂದರೆ ಅದರಿಂದಲೇ ಅದನ್ನು ಗುಣಿಸುತ್ತದೆ. ನಮ್ಮ ಶಾಸ್ತ್ರದಲ್ಲಿ ಇದು ದಿನನಿತ್ಯದ ಕೆಲಸ. ಆದರೆ ವರ್ಗ ಮಾಡಿದರೆ ಋಣವೂ ಒಂದೇ, ಧನವೂ ಒಂದೇ. ನಾಲ್ಕು ಮೆಟ್ಟಿಲು ಕೆಳಗೆ ಬಿದ್ದವನಿಗೂ ನಾಲ್ಕು ಮೆಟ್ಟಿಲು ಮೇಲೆ ಹತ್ತಿದವನಿಗೂ ಯಂತ್ರ ಒಂದೇ ಅಂಕಿ ಕೊಡುತ್ತದೆ. ಸಾಮಾನ್ಯ ಕಾಲದಲ್ಲಿ ಇದರಿಂದ ತೊಂದರೆಯಾಗುತ್ತಿರಲಿಲ್ಲ, ಒಳ್ಳೆಯ ದಿನಗಳ ತಳಮಟ್ಟದಿಂದ ಅಷ್ಟು ಮೇಲೆ ಯಾರೂ ಹೋಗುವುದಿಲ್ಲ. ನಮ್ಮ ತಳಮಟ್ಟ ತೆಗೆದದ್ದು ಬಾವಿಯ ತಳದಲ್ಲಿ. ಅಲ್ಲೇ ಕೂತವರೂ, ಸಂಜೆ ಒಂದು ಗಳಿಗೆ ನಕ್ಕು ರಾತ್ರಿ ಮತ್ತೆ ಅಲ್ಲಿಗೇ ಇಳಿಯುತ್ತಿದ್ದ ನಾವೂ ಹಸಿರು. ಮೇಲೆ ಬಂದು ಉಸಿರಾಡಿದವಳೊಬ್ಬಳು ಕೆಂಪು.

ಇದನ್ನು ಹಾಲಭಾವಿಯವರಿಗೆ ಚಿತ್ರ ಬರೆದು ತೋರಿಸಿದೆ. ಅವರು ದಡ್ಡರಲ್ಲ, ಅರ್ಥವಾಯಿತು. ಆಮೇಲೆ ತಾವು ಓದುವಾಗಿನ ಮಾತು ತೆಗೆದರು. ಕೊರೊನಾ ಕಾಲದಲ್ಲಿ ಅವರ ರೂಮಿನ ಗೆಳೆಯನೊಬ್ಬ ಮಾತು ಬಿಟ್ಟನಂತೆ. ಯಾರೂ ಏನೆಂದು ಕೇಳಲಿಲ್ಲ, ಕೇಳಬೇಕೆಂಬುದೂ ಯಾರಿಗೂ ಗೊತ್ತಿರಲಿಲ್ಲ. ಓದು ಬಿಟ್ಟು ಹೋದವನು ಎಲ್ಲಿದ್ದಾನೆಂಬುದು ಇವತ್ತಿಗೂ ತಿಳಿದಿಲ್ಲವಂತೆ.

"ನಮ್ಮನ್ನ ಯಾರೂ ನೋಡಲಿಲ್ಲ ದಾನಮ್ಮಾ," ಎಂದರು. "ಈಗ ನೋಡಾಕ ಒಂದು ಗ್ವಾಡಿಯರ ಐತಿ. ಅದನ್ನೂ ಸುಳ್ಳಂದ್ರ ನನ್ನ ಕೈಯಾಗ ಏನ್ ಉಳೀತು?"

ನನಗೆ ಅವರ ಮೇಲೆ ಒಂದು ಗಳಿಗೆ ಕನಿಕರ ಬಂತು. ಮರುಗಳಿಗೆಯಲ್ಲೇ ಅವರು, ಆದರೂ ತಳಮಟ್ಟ ಬದಲಿಸುವ ಅಧಿಕಾರ ತಾಂತ್ರಿಕ ಸಮಿತಿಗಿದೆ, ಸಮಿತಿ ಸೇರಬೇಕು ಎಂದರು. ಸಮಿತಿ ಸೇರುವುದು ಯಾವಾಗ? ಅದರ ಅಧ್ಯಕ್ಷರಿಗೇ ಜ್ವರ. ಪರದೆಯ ಮೇಲೆ ಸೇರಬಹುದಲ್ಲ ಎಂದರೆ, ಸಮಿತಿ ಖುದ್ದಾಗಿ ಸೇರತಕ್ಕದ್ದು ಎಂದು ನಿಯಮದಲ್ಲಿದೆಯಂತೆ. ದೀಪವನ್ನು ಪರದೆಯ ಮೇಲೆ ಹಚ್ಚಬಹುದು, ಸಭೆಯನ್ನು ಮಾತ್ರ ಮಾಡುವಂತಿಲ್ಲ! ನಾನು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಬಂದೆ.

ಪಾಸು ಇದ್ದದ್ದರಿಂದ ಕುಟೀರದ ಕಿಟಕಿಯವರೆಗೆ ಹೋಗುತ್ತಿದ್ದೆ. ಮೊದಲ ಸಲ ಹೋದಾಗ ಫರಜಾನಾ ಕಿಟಕಿಯ ಕಟ್ಟೆಯ ಮೇಲೆ ಕೂತು, ಹೊರಗಿನ ಜಾಲಿಗಿಡದ ಶಾಸ್ತ್ರೀಯ ಹೆಸರು ಹೇಳಿ, ಇದರ ಜೊತೆ ಮಾತಾಡಿ ಮಾತಾಡಿ ಇದಕ್ಕೂ ಬೇಜಾರು ಬಂದಿದೆ ಎಂದಳು. ನಾನು ಲೆಕ್ಕದ ವಿಷಯ ಪೂರ್ತಿ ಬಿಡಿಸಿ ಹೇಳಿದೆ.

"ಅಂದ್ರ ನಾ ನಕ್ಕಿದ್ದಕ್ಕ ಇಲ್ಲಿ ತಂದು ಹಾಕ್ಯಾರು?" ಎಂದು ಕೇಳಿದಳು.

ಹೌದೆಂದೆ. ಅದಕ್ಕೂ ಅವಳು ನಕ್ಕಳು. ನಾನು, ಹಾಗಾದರೆ ಸ್ವಲ್ಪ ದಿನ ಅತ್ತುಬಿಡು, ನಿದ್ದೆಗೆಡು, ಊಟ ಬಿಡು, ಹಸಿರಾಗಿ ಹೊರಗೆ ಬಂದುಬಿಡುತ್ತೀ ಎಂದು ಉಪಾಯ ಹೇಳಿಕೊಟ್ಟೆ. ಅವಳು ಪ್ರಯತ್ನಿಸುತ್ತೇನೆ ಎಂದಳು. ಆದರೆ ಮರುವಾರ ಹೋದಾಗ, ಎಷ್ಟು ಮಾಡಿದರೂ ಅಳಲು ಬರುತ್ತಿಲ್ಲ, ಅಳುವ ನಟನೆ ಮಾಡಹೋದರೆ ನಗುವೇ ಬರುತ್ತದೆ, ಬೆವರನ್ನು ಮೋಸ ಮಾಡುವುದು ಹೇಗೆ ಅಕ್ಕಾ ಎಂದು ಕೇಳಿದಳು.

ಅವಳ ತಾಯಿ ದಿನಾ ನನಗೆ ಫೋನು ಮಾಡುತ್ತಿದ್ದರು. ಮಗಳ ಫೋನು ಹತ್ತುತ್ತಿಲ್ಲ, ಜ್ವರವೇನಾದರೂ ಬಂದಿದೆಯೇ ಎಂದು ಅಳುಕುತ್ತ ಕೇಳುತ್ತಿದ್ದರು. ಇಲ್ಲಮ್ಮಾ ಎಂದರೆ ನಂಬಿಕೆಯಿಲ್ಲ. ಮತ್ತೆ ಯಾಕೆ ಒಯ್ದರು ಎನ್ನುತ್ತಿದ್ದರು. ನಿಮ್ಮ ಮಗಳು ಸಂತೋಷವಾಗಿದ್ದಳು, ಅದಕ್ಕೇ ಒಯ್ದರು ಎಂದು ಒಬ್ಬ ತಾಯಿಗೆ ಯಾವ ಬಾಯಿಂದ ಹೇಳಲಿ? ಆರೋಗ್ಯ ತಪಾಸಣೆ ಎಂದು ಏನೋ ತೇಲಿಸಿ ಹೇಳಿ ಫೋನಿಟ್ಟು, ನನ್ನ ಮೇಲೆಯೇ ಸಿಟ್ಟಾಗಿ ಕೂರುತ್ತಿದ್ದೆ.

ಇತ್ತ ನಮ್ಮ ಸಾಲಿನಲ್ಲಿ ವಿಷಯ ಹಬ್ಬಿತು. ನಕ್ಕರೆ ಒಯ್ಯುತ್ತಾರೆ. ಒಂದೊಂದೇ ಬಾಗಿಲು ಮುಚ್ಚಿತು, ತಟ್ಟೆಗಳು ಮತ್ತೆ ಒಳಗೆ ಹೋದವು. ಬುದ್ಧಿವಂತ ಮಕ್ಕಳಲ್ಲವೇ, ಪರೀಕ್ಷೆಗೆ ತಯಾರಾದಂತೆ ಇದಕ್ಕೂ ತಯಾರಾದರು. ಮನಸ್ಸು ಹಗುರಾಯಿತು ಅನ್ನಿಸಿದ ಕೂಡಲೇ ಸಾವಿನ ಸುದ್ದಿ ಹುಡುಕಿ ಓದುವುದು ಒಂದು ಉಪಾಯ. ಪಾರ್ವತಿಯ ಅಕ್ಕನಿಗೆ ಹೆರಿಗೆಯಾಗಿ ಗಂಡುಮಗುವಾಯಿತು. ಆ ಹುಡುಗಿ ಸುದ್ದಿ ಕೇಳಿದವಳೇ ಫೋನಿಟ್ಟು, ಗಣಿತ ವಿಭಾಗದ ಆ ಹುಡುಗನ ಫೋಟೋ ತೆಗೆದು ನೋಡುತ್ತ ಕೂತಳಂತೆ. ಗೋಡೆಯಾಚೆಯಿಂದ ಅವಳೇ ನನಗೆ ಇದನ್ನು ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಜಾಣತನದ ಹೆಮ್ಮೆಯಿತ್ತು. ನನಗೆ ಕಿರುಚಬೇಕೆನ್ನಿಸಿತು, ಕಿರುಚಿದರೂ ನನ್ನ ಚುಕ್ಕೆ ಹಸಿರಾಗಿಯೇ ಇರುತ್ತಿತ್ತು.

ಮೂರನೆಯ ಸಲ ಕುಟೀರಕ್ಕೆ ಹೋದಾಗ ಫರಜಾನಾ ಕಿಟಕಿಗೆ ಬರಲು ತಡಮಾಡಿದಳು. ಕೂದಲು ಬಾಚಿರಲಿಲ್ಲ. ಕೇಳಿದ್ದಕ್ಕೆ ಹ್ಞೂಂ, ಉಹ್ಞೂಂ ಎಂದಳು. ಅವ್ವನ ಮಾತು ತೆಗೆದರೆ ಮುಖ ಆಚೆ ತಿರುಗಿಸಿದಳು. ನಾನು ಅಲ್ಲಿಂದ ನೇರವಾಗಿ ಹಾಲಭಾವಿಯವರ ಮನೆಗೆ ಹೋದೆ. ಅವರು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಸಮಿತಿ ಗಿಮಿತಿ ನನಗೆ ಗೊತ್ತಿಲ್ಲ, ಆ ಹುಡುಗಿ ಮುಳುಗುತ್ತಿದ್ದಾಳೆ, ಅವಳನ್ನು ಮುಳುಗಿಸುತ್ತಿರುವವರು ನಾವು ಎಂದು ಗೇಟಿನ ಹೊರಗೆ ನಿಂತೇ ಕೂಗಿದೆ. ಅಕ್ಕಪಕ್ಕದ ಕ್ವಾರ್ಟರ್ಸಿನ ಕಿಟಕಿಗಳು ತೆರೆದವು. ಅವರು ಒದ್ದೆ ಲುಂಗಿ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಕೊನೆಗೆ, ನಾಳೆ ಬೆಳಿಗ್ಗೆ ಬನ್ನಿ, ನೋಡೋಣ ಎಂದರು.

ಜ್ವರಕ್ಕೂ ಮುಂಚೆ ಈ ಪಟ್ಟಿ ಮಾಡಿದ ಕಂಪನಿಯವರು ನಮ್ಮದೇ ಕ್ಯಾಂಪಸ್ಸಿನ ಕೆಲವು ವಿದ್ಯಾರ್ಥಿಗಳಿಗೆ ಪಟ್ಟಿ ಕಟ್ಟಿ ಪರೀಕ್ಷೆ ಮಾಡಿದ್ದರು. ಭಜಿ ತಿಂದು, ಜಗಳಾಡಿ, ಮಾಮೂಲಾಗಿದ್ದ ದಿನಗಳ ಅಂಕಿಗಳು ಅವು. ಯಂತ್ರದೊಳಗೇ ಇದ್ದವು. ಮರುದಿನ ಬೆಳಿಗ್ಗೆ ಕಂಟ್ರೋಲ್ ರೂಮಿನಲ್ಲಿ, ಹಾಲಭಾವಿಯವರಿಗೆ ತೋರಿಸಲೆಂದು, ಅವುಗಳ ಸರಾಸರಿಯನ್ನೇ ಎಲ್ಲರಿಗೂ ತಳಮಟ್ಟವಾಗಿ ಇಟ್ಟೆ. ವರ್ಗ ಮಾಡುವುದನ್ನು ಕಿತ್ತುಹಾಕಿ, ಕೆಳಗೆ ಹೋದರೆ ಮಾತ್ರ ಕೆಂಪು ಎಂದು ಬರೆದೆ. ಇಡೀ ಗೋಡೆ ಕೆಂಪಾಗುತ್ತದೆ, ಒಂದೇ ಒಂದು ಹಸಿರು ಉಳಿಯುತ್ತದೆ ಸರ್, ಆ ಹಸಿರು ಯಾರದೆಂದು ನೀವೇ ಒತ್ತಿ ನೋಡಿ ಎಂದು ಹಾಲಭಾವಿಯವರಿಗೆ ಹೇಳಿದೆ. ಫರಜಾನಾ ಎಷ್ಟು ಇಳಿದಿದ್ದರೂ ನಮ್ಮಷ್ಟು ತಳ ಮುಟ್ಟಿರಲಾರಳು ಎಂದು ನಂಬಿದ್ದೆ, ಹಾಗೆ ಹೇಳುವಾಗ ನನಗೆ ಗೆದ್ದ ಖುಷಿಯೂ ಇತ್ತು.

ಗೋಡೆ ಒಂದು ಕ್ಷಣ ಖಾಲಿಯಾಗಿ ಮತ್ತೆ ತುಂಬಿಕೊಂಡಿತು. ಮೂಲೆಯಿಂದ ಮೂಲೆಯವರೆಗೆ ಕೆಂಪು. ನಾನು ಒಂದು ಹಸಿರು ಚುಕ್ಕೆ ಹುಡುಕಿದೆ. ಸಾಲು ಸಾಲಾಗಿ, ಬೆರಳಿಟ್ಟು ಹುಡುಕಿದೆ. ಇರಲಿಲ್ಲ. ಕೊನೆಗೆ ಫರಜಾನಾಳ ಹೆಸರು ಒತ್ತಿದೆ. ಅವಳದೂ ಕೆಂಪು. ಎಲ್ಲರಿಗಿಂತ ಒಂದು ಕೂದಲಷ್ಟೂ ಬೇರೆಯಲ್ಲದ ಕೆಂಪು.

ಹಳೆಯ ಲೆಕ್ಕದಲ್ಲಿ ಅವಳು ಹಿಂದಿನ ದಿನವೇ ಹಸಿರಾಗಿದ್ದಳು, ಕೂಗಾಡುವ ಗಡಿಬಿಡಿಯಲ್ಲಿ ನಾನು ಗೋಡೆ ನೋಡಿರಲಿಲ್ಲ. ಬಿಡುಗಡೆಯ ಆದೇಶ ತಾನಾಗಿ ತಯಾರಾಗಿತ್ತು. ಗುಣಮುಖಳಾಗಿದ್ದಾಳೆ ಎಂದು ಅದರಲ್ಲಿ ಬರೆದಿತ್ತು.

ಹಾಲಭಾವಿಯವರು ಬಹಳ ಮೆಲ್ಲಗೆ, ನಿಯಮದ ಪ್ರಕಾರ ಈಗ ಇವರೆಲ್ಲರನ್ನೂ ಕುಟೀರಕ್ಕೆ ಒಯ್ಯಬೇಕಾಗುತ್ತದೆ ಎಂದರು. ಅಲ್ಲಿ ಕೋಣೆಗಳೆಷ್ಟು ಎಂದು ನಾನು ಕೇಳಲಿಲ್ಲ. ನಿಯಮವನ್ನೇ ಬಿಡಿ, ಬೀಗ ತೆಗೆಯಿರಿ, ಕಡೇಪಕ್ಷ ಬಾಗಿಲುಗಳನ್ನು ತೆರೆದು ಕೂರಲು ಬಿಡಿ, ಒಬ್ಬೊಬ್ಬರನ್ನೂ ಕರೆದು ಮಾತಾಡಿಸಿ ಎಂದು ನಾನು ಒಂದೇ ಉಸಿರಿಗೆ ಹೇಳಿದೆ. ಅವರು ಗೋಡೆ ನೋಡುತ್ತಲೇ ಇದ್ದರು. ಅವರ ಮುಖದ ಮೇಲೂ ಆ ಕೆಂಪು ಬಿದ್ದಿತ್ತು.

"ಇಷ್ಟು ಮಂದಿನ್ನ ನಾ ಒಬ್ಬಾಂವ ಹೆಂಗ ಮಾತಾಡಿಸ್ಲಿ?" ಎಂದರು. "ಮೊದಲಿನ ಹಂಗ ಮಾಡ್ರಿ."

"ನಾ ಮಾಡೂದಿಲ್ರಿ ಸರ್. ನೀವ ಒತ್ರಿ."

ಅವರು ಬಂದು, ಕನ್ನಡಕ ಸರಿಮಾಡಿಕೊಂಡು, ಗುಂಡಿಯನ್ನು ಹುಡುಕಿ ಒತ್ತಿದರು. ಗೋಡೆ ಹಸಿರಾಯಿತು. ಅವರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ, ಆದರೂ ಕ್ಷಮಿಸಲಾರೆ.

ಫರಜಾನಾಳನ್ನು ಕರೆತರಲು ನಾನೇ ಹೋದೆ. ಅವಳ ಫೋನು ಅವಳ ಕೈಗೆ ಕೊಟ್ಟು ಅವ್ವನಿಗೆ ಮಾತಾಡು ಎಂದೆ. ಆಮೇಲೆ ಮಾತಾಡುತ್ತೇನೆ ಎಂದು ಜೇಬಿಗೆ ಹಾಕಿಕೊಂಡಳು. ದಾರಿಯುದ್ದಕ್ಕೂ ನಾನೇ ಏನೇನೋ ಮಾತಾಡಿದೆ. ಹಾಸ್ಟೆಲಿನ ಮೆಟ್ಟಿಲ ಹತ್ತಿರ ಅವಳು ನಿಂತಳು.

"ನೀವು ಹೇಳಿದ ಉಪಾಯ ನಾ ಮಾಡ್ಲಿಲ್ಲ ಅಕ್ಕಾ," ಎಂದಳು. "ತಾನ ಆತು."

ಮೇಲ್ಮಹಡಿಯಲ್ಲಿ ಅವಳು ಬರುವ ಸುದ್ದಿ ಹೇಗೋ ಮುಟ್ಟಿತ್ತು. ಎಷ್ಟೋ ದಿನಗಳ ಮೇಲೆ ಸಾಲಿನ ಬಾಗಿಲುಗಳೆಲ್ಲ ತೆರೆದಿದ್ದವು, ಹುಡುಗಿಯರು ಹೊಸ್ತಿಲಲ್ಲಿ ನಿಂತಿದ್ದರು. ಪಾರ್ವತಿಗೆ ತಡೆಯಲಾಗಲಿಲ್ಲ. ಫರಜಾನಾಳ ಮುಖ ಕಂಡದ್ದೇ ತಡ ಅವಳು ನಕ್ಕುಬಿಟ್ಟಳು, ಅದೇ ದೊಡ್ಡ ನಗು. ಅದನ್ನು ನೋಡಿ ಇನ್ನಿಬ್ಬರು ನಕ್ಕರು. ನನ್ನ ಬಾಯಿಯೂ ಬಿರಿಯಿತು.

ಫರಜಾನಾ ಗಾಬರಿಯಿಂದ ಬೆರಳನ್ನು ತುಟಿಗೆ ಒತ್ತಿಕೊಂಡಳು. "ನಗಬ್ಯಾಡ್ರೇ," ಎಂದಳು. "ಒಯ್ತಾರ."

ನಗು ನಿಂತಿತು. ಅವಳು ಯಾರ ಮುಖವನ್ನೂ ನೋಡದೆ ಸಾಲಿನ ಕೊನೆಯವರೆಗೆ ನಡೆದುಹೋಗಿ, ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು.